ಕಣ್ಣೆಳೆಯುವ ರಸಾಯನ

ಮೇಲುಕೋಟೆಯ ವೈರಮುಡಿ ರಾತ್ರಿಯ ಉತ್ಸವ. ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಟ ಕಿರೀಟ ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಪೂಜೆ ಪಡೆಯುತ್ತ ಬೆಟ್ಟ ಸೇರುತ್ತದೆ. ಅದಕ್ಕೆ ಹಗಲ ಬೆಳಕು ಸೋಕಬಾರದೆಂಬ ನಂಬಿಕೆ. ಹಾಗಾಗಿ ಚೆಲುವನಾರಾಯಣ ಸ್ವಾಮಿ ಅದನ್ನು ಧರಿಸಿ ಬೀದಿಗೆ ಬರುವುದು ಕತ್ತಲಾದ ಮೇಲೆಯೇ. ಎಲ್ಲ ಮುಗಿಯುವಾಗ ಬೆಳಗಿನ ಜಾವ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಬಂದವರು ಅದೇ ಹೊತ್ತಿಗೆ ಬಸ್ಸು ಹತ್ತುತ್ತಾರೆ. ಕಂಡಕ್ಟರ್ ಟಿಕೆಟ್ ಕೊಡುತ್ತ ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಮುಂದಿನ ಸೀಟಿನವರ ತಲೆಗಳು ಕಿಟಕಿ ಸರಳಿಗೆ ಒರಗಿರುತ್ತವೆ. ಗಂಟೆಯ ಹಿಂದೆ ಗುಂಪಿನಲ್ಲಿ ನುಗ್ಗಿ ಸ್ವಾಮಿಗೆ ಕೈಮುಗಿದ ಅಜ್ಜಿ ಈಗ ಗುರುತು ಪರಿಚಯವಿಲ್ಲದ ಹೆಂಗಸಿನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿರುತ್ತಾರೆ. ಬಸ್ಸು ಹಂಪು ಹಾರಿದರೂ ಎಚ್ಚರವಿಲ್ಲ.

ದಣಿವೆಂದು ಹೇಳಿ ಸುಮ್ಮನಾಗಬಹುದು. ಆದರೆ ರಾತ್ರಿಯಿಡೀ ಕುರ್ಚಿ ಬಿಟ್ಟೇಳದ ವಾಚ್‌ಮನ್ನನಿಗೂ ಅದೇ ಹೊತ್ತಿಗೆ ಕಣ್ಣು ಎಳೆಯುತ್ತದೆ, ಅವನ ಕಾಲು ನೋವೇನೂ ಇಲ್ಲದಿದ್ದರೂ. ಎಚ್ಚರವಿದ್ದಷ್ಟೂ ಹೊತ್ತು ತಲೆಯೊಳಗೆ ಏನೋ ಕೂಡಿಕೊಳ್ಳುತ್ತ ಹೋಗುತ್ತದೆ ಎಂಬ ಅನುಮಾನ ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹಿಂದೆಯೇ ಬಂದಿತ್ತು. 1909ರಲ್ಲಿ ಜಪಾನಿನ ಕುನಿಯೋಮಿ ಇಶಿಮೋರಿ, 1913ರಲ್ಲಿ ಫ್ರಾನ್ಸಿನ ಲೆಜಾಂಡ್ರ್ ಮತ್ತು ಪಿಯೆರಾನ್ ಬೇರೆ ಬೇರೆಯಾಗಿ ಒಂದೇ ಕೆಲಸ ಮಾಡಿದರು: ನಾಯಿಗಳನ್ನು ಮಲಗಲು ಬಿಡದೆ ನಿದ್ದೆಗೆಡಿಸಿ, ಅವುಗಳ ಮೆದುಳಿನಿಂದ ತೆಗೆದದ್ದನ್ನು ಚೆನ್ನಾಗಿ ನಿದ್ದೆ ಮಾಡಿದ್ದ ನಾಯಿಗಳಿಗೆ ಚುಚ್ಚಿದರು. ಚುಚ್ಚಿಸಿಕೊಂಡ ನಾಯಿಗಳು ಮಲಗಿಬಿಟ್ಟವು. ಆ ರಸದಲ್ಲಿ ಇದ್ದದ್ದೇನು ಎಂದು ಬಿಡಿಸಿ ಹೇಳಲು ಆಗಿನ ರಸಾಯನ ವಿಜ್ಞಾನದ ಕೈಯಲ್ಲಿ ಆಗಲಿಲ್ಲ.

ಈಗ ಒಂದಲ್ಲ, ಹಲವು ಹೆಸರುಗಳು ಗೊತ್ತಿವೆ. ಅಡಿನೋಸಿನ್, ಮೆಲಟೋನಿನ್, ಪ್ರೊಸ್ಟಗ್ಲಾಂಡಿನ್ ಡಿ2, ಓಲಿಯಮೈಡ್. ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ನಿದ್ದೆ ಅರ್ಥವಾಗುವುದಿಲ್ಲ. ಅದು ಮಂಡ್ಯ ಜಿಲ್ಲೆಯವರಿಗೆ ಬೇಗ ತಿಳಿಯುವ ಮಾತು. ಮಳೆಗಾಲದಲ್ಲಿ ಪತ್ರಿಕೆ ಕೈಗೆ ಬಂದರೆ ಅವರ ಕಣ್ಣು ಮೊದಲು ಹೋಗುವುದು ಕನ್ನಂಬಾಡಿ ಕಟ್ಟೆಯ ಪುಟ್ಟ ಚೌಕದ ಕಡೆಗೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕೊಡಗಿನಲ್ಲಿ ಎಷ್ಟೇ ಮಳೆಯಾಗಲಿ, ಬಂದಷ್ಟೂ ನೀರು ಹೊರಗೆ ಹೋಗುತ್ತಿದ್ದರೆ ಮಟ್ಟ ಏರುವುದಿಲ್ಲ. ಮೆದುಳಿನಲ್ಲಿ ಈ ಒಳಹರಿವನ್ನೂ ಹೊರಹರಿವನ್ನೂ ನೋಡಿಕೊಳ್ಳುವವು ಕಿಣ್ವಗಳು. ಕಿಣ್ವವೆಂದರೆ ತಾನು ಖರ್ಚಾಗದೆ ಒಂದು ವಸ್ತುವನ್ನು ಇನ್ನೊಂದಾಗಿಸುವ ಪ್ರೋಟೀನು. ಕೆಲವು ಕಿಣ್ವಗಳು ನಿದ್ದೆ ತರುವ ಕಣವನ್ನು ಕಟ್ಟುತ್ತವೆ, ಕೆಲವು ಕೆಡವುತ್ತವೆ. ಕಟ್ಟುವವುಗಳ ಬಗ್ಗೆ ಜನಪ್ರಿಯ ಲೇಖನಗಳಲ್ಲಿ ಬೇಕಾದಷ್ಟು ಬರುತ್ತದೆ. ಕೆಡವುವವುಗಳಿಗೆ ಅಷ್ಟು ಜಾಗ ಸಿಕ್ಕಿಲ್ಲ. ಹಿಡಿತ ಮಾತ್ರ ಬಹುಪಾಲು ಅವುಗಳ ಕೈಯಲ್ಲೇ ಇದೆ.

ಅಡಿನೋಸಿನ್‌ನಿಂದಲೇ ಶುರುಮಾಡೋಣ. ದೇಹದ ಪ್ರತಿ ಕೋಶವೂ ಶಕ್ತಿಯನ್ನು ಎಟಿಪಿ ಎಂಬ ಕಣದಲ್ಲಿ ಇಟ್ಟುಕೊಂಡಿರುತ್ತದೆ. ನೋಡುವುದು, ನೆನೆಯುವುದು, ಜಗಳವಾಡುವುದು ಎಲ್ಲದಕ್ಕೂ ಇದೇ ಖರ್ಚು. ಎಟಿಪಿಯ ಫಾಸ್ಫೇಟ್ ಕೊಂಡಿಗಳು ಒಂದೊಂದಾಗಿ ಕಳಚಿದ ಮೇಲೆ ಉಳಿಯುವುದೇ ಅಡಿನೋಸಿನ್. ಕೊನೆಯ ಕೊಂಡಿ ಕಳಚುವ ಕಿಣ್ವ ಕೋಶದ ಹೊರಮೈಯಲ್ಲೇ ಕುಳಿತಿದೆ, ಹಾಗಾಗಿ ಅಡಿನೋಸಿನ್ ಕೋಶಗಳ ನಡುವಿನ ಸಂದಿಯಲ್ಲಿ ಸೇರುತ್ತದೆ. 1997ರಲ್ಲಿ ಫಿನ್ಲೆಂಡಿನ ತಾರ್ಯಾ ಪೋರ್ಕಾ-ಹೈಸ್ಕನೆನ್ ಮತ್ತು ಅಮೆರಿಕದ ರಾಬರ್ಟ್ ಮೆಕಾರ್ಲಿ ತಂಡ ಬೆಕ್ಕುಗಳನ್ನು ಆರು ಗಂಟೆ ಮಲಗಲು ಬಿಡದೆ, ಮುಂಮೆದುಳಿನ ತಳಭಾಗದಲ್ಲಿ ಸಣ್ಣ ಕೊಳವೆಯಿಟ್ಟು ಅಡಿನೋಸಿನ್ ಅಳೆಯಿತು. ಎಚ್ಚರ ಮುಂದುವರಿದಂತೆ ಮಟ್ಟ ಏರಿತು. ಮಲಗಲು ಬಿಟ್ಟ ಮೇಲೆ ನಿಧಾನವಾಗಿ ಇಳಿಯಿತು. ವೈರಮುಡಿಯ ಬಸ್ಸಿನಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ.

ಇಳಿಸುವವರು ಯಾರು? ಇಬ್ಬರು. ಅಡಿನೋಸಿನ್ ಡಿಅಮಿನೇಸ್ ಎಂಬ ಕಿಣ್ವ ಅದನ್ನು ಇನೋಸಿನ್ ಆಗಿ ಮಾರ್ಪಡಿಸಿ ನಿದ್ದೆಯ ಆಟದಿಂದ ಹೊರಗೆ ಹಾಕುತ್ತದೆ. ಅಡಿನೋಸಿನ್ ಕೈನೇಸ್ ಎಂಬುದು ಮತ್ತೆ ಫಾಸ್ಫೇಟ್ ಅಂಟಿಸಿ ಶಕ್ತಿಯ ಖಾತೆಗೆ ವಾಪಸ್ ಕಳಿಸುತ್ತದೆ. ಈ ಎರಡನೆಯದು ಹೆಚ್ಚಾಗಿ ಇರುವುದು ನರಕೋಶದಲ್ಲಲ್ಲ, ಅದರ ಸುತ್ತ ಹಬ್ಬಿರುವ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳಲ್ಲಿ. ಮೆದುಳಿನಲ್ಲಿ ಕೈನೇಸ್ ಹೆಚ್ಚಿರುವಂತೆ ಬೆಳೆಸಿದ ಪ್ರಯೋಗದ ಇಲಿಗಳು ಉಳಿದ ಇಲಿಗಳಿಗಿಂತ ಹೆಚ್ಚು ಹೊತ್ತು ಎಚ್ಚರವಿರುತ್ತವೆ. ಮನುಷ್ಯರಲ್ಲೂ ಸುಳಿವಿದೆ. 2005ರಲ್ಲಿ ಜ್ಯೂರಿಕ್‌ನ ಸಂಶೋಧಕರು ಕಂಡಂತೆ, ಡಿಅಮಿನೇಸ್ ಸ್ವಲ್ಪ ನಿಧಾನವಾಗಿ ಕೆಲಸ ಮಾಡುವ ಜೀನ್ ಹೊತ್ತವರಿಗೆ ಗಾಢನಿದ್ದೆ ಹೆಚ್ಚು. ‘ನಮ್ಮಪ್ಪ ಮಲಗಿದರೆ ಮರದ ಕೊರಡು’ ಎಂದು ಮನೆಗಳಲ್ಲಿ ಆಡಿಕೊಳ್ಳುವ ಮಾತಿನ ಹಿಂದೆ ಒಂದೊಂದು ಸಲ ಇಂಥದೊಂದು ಸೋಮಾರಿ ಕಿಣ್ವ ಇದ್ದೀತು.

ಗಾಢನಿದ್ದೆಯನ್ನು ಅಳೆಯುವುದು ತಲೆಗೆ ಅಂಟಿಸಿದ ಎಲೆಕ್ಟ್ರೋಡುಗಳಿಂದ. ಪರದೆಯ ಮೇಲೆ ದೊಡ್ಡ, ನಿಧಾನದ ಅಲೆಗಳು ಮೂಡಿದರೆ ಅದು ಗಾಢನಿದ್ದೆ. ವಯಸ್ಸಾದಂತೆ ಈ ಅಲೆಗಳು ಸೊರಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿ ಅವರ ತಂಡ ವಿಪಶ್ಯನ ಧ್ಯಾನ ಮಾಡುವವರನ್ನು ಹೀಗೆ ರಾತ್ರಿಯಿಡೀ ಮಲಗಿಸಿ ದಾಖಲಿಸಿ, ನಡುವಯಸ್ಸು ದಾಟಿದ ಸಾಧಕರಲ್ಲಿ ಗಾಢನಿದ್ದೆ ಹೆಚ್ಚು ಉಳಿದುಕೊಂಡಿರುವುದನ್ನು ವರದಿ ಮಾಡಿದೆ. ಆದರೆ ಅಲೆಗಳನ್ನು ನೋಡಿ ಅದರ ಹಿಂದಿನ ಕಿಣ್ವ ಯಾವುದೆಂದು ಹೇಳಲಾಗದು. ಧ್ಯಾನದ ಪುಸ್ತಕ ಮಾರುವವರು ಈ ಗೆರೆಯನ್ನು ಸಲೀಸಾಗಿ ದಾಟಿಬಿಡುತ್ತಾರೆ.

ಇನ್ನು ಕಾಫಿ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹಬ್ಬ ಜಾತ್ರೆಗೆ ಪೌರಾಣಿಕ ನಾಟಕ ಆಡುವುದು ಇಂದಿಗೂ ಉಂಟು. ‘ಕುರುಕ್ಷೇತ್ರ’ಕ್ಕೆ ಪರದೆ ಎದ್ದರೆ ದುರ್ಯೋಧನನ ತೊಡೆ ಮುರಿಯುವಷ್ಟರಲ್ಲಿ ಮೂಡಣ ಕೆಂಪಾಗಿರುತ್ತದೆ. ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರ ಕೈಗೆ ಲೋಟದ ಮೇಲೆ ಲೋಟ ಬರುತ್ತಲೇ ಇರುತ್ತದೆ. ಕೆಫೀನ್ ಅಡಿನೋಸಿನ್ನನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಅದರ ಆಕಾರ ಅಡಿನೋಸಿನ್‌ಗೆ ಹತ್ತಿರವಿರುವುದರಿಂದ ನರಕೋಶದ ಮೇಲೆ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅಷ್ಟೆ. ಮೇಷ್ಟ್ರ ತಲೆಯಲ್ಲಿ ಅಡಿನೋಸಿನ್ ಕೂಡುತ್ತಲೇ ಇರುತ್ತದೆ. ಕೆಫೀನ್ ಜಾಗ ಖಾಲಿ ಮಾಡಿದ ಕೂಡಲೇ ಅಷ್ಟೂ ಒಟ್ಟಿಗೆ ಮೇಲೆ ಬೀಳುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಕರಗಿಸುವುದು ಪಿತ್ತಜನಕಾಂಗದ ಸಿವೈಪಿ1ಎ2 ಎಂಬ ಕಿಣ್ವ. ಬೀಡಿ ಸಿಗರೇಟು ಸೇದುವವರಲ್ಲಿ ಈ ಕಿಣ್ವ ಚುರುಕಾಗಿರುತ್ತದೆ, ಆದ್ದರಿಂದ ಅವರಿಗೆ ಕಾಫಿಯ ಅಮಲು ಬೇಗ ಇಳಿಯುತ್ತದೆ, ಮತ್ತೊಂದು ಲೋಟ ಬೇಕಾಗುತ್ತದೆ.

ಹಬ್ಬ, ನಾಟಕದ ಜಾಗರಣೆ ವರ್ಷಕ್ಕೊಮ್ಮೆ ಇಮ್ಮೆ. ರೈತರ ಜಾಗರಣೆ ಹಾಗಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಬಹಳಷ್ಟು ಗದ್ದೆಗಳಿಗೆ ನಾಲೆಯ ನೀರುಂಟು, ನಾಗಮಂಗಲ, ಕೆ.ಆರ್. ಪೇಟೆಯ ಒಣಭೂಮಿಯ ಕಡೆ ನಂಬಿಕೆ ಬೋರ್‌ವೆಲ್ ಮೇಲೆ. ಪಂಪ್‌ಸೆಟ್‌ಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ, ಒಂದಿಷ್ಟು ಹಗಲು, ಒಂದಿಷ್ಟು ರಾತ್ರಿ. ಆಟೋ ಸ್ಟಾರ್ಟರ್ ಹಾಕಿಸಿಕೊಂಡರೆ ಮೋಟಾರು ತಾನೇ ಹೊತ್ತಿಕೊಳ್ಳುತ್ತದೆ ನಿಜ, ಆದರೆ ಒಂದು ಸಾಲು ತುಂಬಿದ ಮೇಲೆ ಮುಂದಿನ ಸಾಲಿಗೆ ನೀರು ತಿರುಗಿಸಲು ಗುದ್ದಲಿ ಹಿಡಿದ ಮನುಷ್ಯನೇ ಬೇಕು. ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವ ಜಿಲ್ಲೆಯಿದು. ರಾತ್ರಿ ಎರಡು ಗಂಟೆಗೆ ನೀರು ಕಟ್ಟಲು ಹೋದವನ ಕೈಯಲ್ಲಿ ಟಾರ್ಚು, ಕಿವಿಯೆಲ್ಲ ಕಬ್ಬಿನ ಸರಸರ ಸದ್ದಿನ ಮೇಲೆ.

ಆ ಹೊತ್ತಿನಲ್ಲಿ ಅವನ ಮೆದುಳಿನ ನಟ್ಟನಡುವೆ, ಬಟಾಣಿಗಿಂತ ಚಿಕ್ಕದಾದ ಪೀನಿಯಲ್ ಗ್ರಂಥಿಯಲ್ಲಿ ಮೆಲಟೋನಿನ್ ತಯಾರಿಕೆ ಭರದಿಂದ ನಡೆದಿರುತ್ತದೆ. 1958ರಲ್ಲಿ ಏರನ್ ಲರ್ನರ್ ಇದನ್ನು ದನದ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದರು. ಮೆಲಟೋನಿನ್ ಹಗಲಲ್ಲಿ ಮಲಗಿ ರಾತ್ರಿ ಏಳುವ ಗುಟ್ಟನ್ನು 1970ರಲ್ಲಿ ಬಿಡಿಸಿದವರು ಡೇವಿಡ್ ಕ್ಲೈನ್ ಮತ್ತು ಜೋನ್ ವೆಲ್ಲರ್: ಮೆಲಟೋನಿನ್ ತಯಾರಿಯ ಕೊನೆಯ ಹಿಂದಿನ ಮೆಟ್ಟಿಲಲ್ಲಿ ನಿಂತಿರುವ ಕಿಣ್ವ, ಚಿಕ್ಕದಾಗಿ ಎಎಎನ್‌ಎಟಿ, ಕತ್ತಲಾದ ಮೇಲೆ ಹತ್ತಾರು ಪಟ್ಟು ಹೆಚ್ಚುತ್ತದೆ. ಬೆಳಕು ಬಿದ್ದರೆ ಮಾತ್ರ ಅದಕ್ಕೆ ಆಯಸ್ಸಿಲ್ಲ. ಇಲಿಗಳನ್ನು ನಡುರಾತ್ರಿ ದೀಪದ ಕೆಳಗೆ ಇಟ್ಟರೆ, ಕಣ್ಣಿನಿಂದ ಹೊರಟ ಸಂದೇಶ ಗ್ರಂಥಿಯನ್ನು ಮುಟ್ಟಿ, ಕೆಲವೇ ನಿಮಿಷಗಳಲ್ಲಿ ಈ ಕಿಣ್ವದ ಅರ್ಧಪಾಲು ಚೂರಾಗಿ ಹೋಗುತ್ತದೆ. ಮನುಷ್ಯರ ಮೆಲಟೋನಿನ್ ಕೂಡ ಪ್ರಖರ ಬೆಳಕಿಗೆ ಕುಸಿಯುತ್ತದೆ ಎಂಬುದನ್ನು 1980ರಲ್ಲಿ ಆಲ್ಫ್ರೆಡ್ ಲೂಯಿ ತೋರಿಸಿದರು.

ಮೆಲಟೋನಿನ್ನನ್ನು ‘ನಿದ್ದೆಯ ಹಾರ್ಮೋನ್’ ಎಂದು ಕರೆಯುವ ಜಾಹೀರಾತುಗಳನ್ನು ನಂಬುವ ಮೊದಲು ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿಗೆ ಹೋಗಿಬರಬೇಕು. ಅಲ್ಲಿನ ಮರಗಳಲ್ಲಿ ಹಗಲೆಲ್ಲ ತೂಕಡಿಸುವ ರಾತ್ರಿಬಕಗಳೂ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳೂ ಸೂರ್ಯ ಮುಳುಗಿದ ಮೇಲೆ ಹೊಟ್ಟೆಪಾಡಿಗೆ ಹೊರಡುತ್ತವೆ. ನಿಶಾಚರಿಗಳಲ್ಲೂ ಮೆಲಟೋನಿನ್ ಏರುವುದು ರಾತ್ರಿಯೇ, ಅವು ಪೂರಾ ಎಚ್ಚರವಿರುವಾಗಲೇ. ಅದು ಹೇಳುವುದು ‘ರಾತ್ರಿಯಾಯಿತು’ ಎಂದಷ್ಟೆ. ರಾತ್ರಿ ಏನು ಮಾಡಬೇಕೆಂಬುದು ಆಯಾ ಪ್ರಾಣಿಯ ವಂಶದ ನಿರ್ಧಾರ. ಮನುಷ್ಯನ ವಂಶ ಮಲಗಲು ನಿರ್ಧರಿಸಿದೆ. ಕರೆಂಟಿನ ಪಾಳಿಗೆ ಅದು ಗೊತ್ತಿಲ್ಲ.

ನೀರು ಕಟ್ಟಿ ಬಂದವನು ನಾಲ್ಕು ಗಂಟೆಗೆ ಕಾಫಿ ಕುಡಿದು, ಹಾಲು ಕರೆದು ಡೇರಿಗೆ ಹಾಕಿ, ಒಂಬತ್ತಕ್ಕೆ ಮಲಗುತ್ತಾನೆ. ಆಗ ತಲೆಯಲ್ಲಿ ಅಡಿನೋಸಿನ್ ತುಂಬಿದೆ, ಮೆಲಟೋನಿನ್ ಖಾಲಿಯಾಗಿದೆ, ಕೆಫೀನ್ ಅರ್ಧ ಉಳಿದಿದೆ. ಬರುವ ನಿದ್ದೆ ತುಂಡುತುಂಡು. ಇಲ್ಲೊಂದು ತಮಾಷೆಯ ಸಂಗತಿ: ಮೆಲಟೋನಿನ್ನನ್ನು ಕೆಡವುವುದೂ ಪಿತ್ತಜನಕಾಂಗದ ಅದೇ ಸಿವೈಪಿ1ಎ2. ಕೆಫೀನ್ ಬಂದು ಆ ಕಿಣ್ವಕ್ಕೆ ಕೆಲಸ ಹಚ್ಚಿದರೆ ಮೆಲಟೋನಿನ್ ವಿಲೇವಾರಿ ತಡವಾಗುತ್ತದೆ. ಮೆಲಟೋನಿನ್ ಗುಳಿಗೆಯನ್ನು ಕೆಫೀನ್ ಜೊತೆ ಕೊಟ್ಟು ನೋಡಿದಾಗ ರಕ್ತದಲ್ಲಿ ಮೆಲಟೋನಿನ್ ಮಟ್ಟ ಹೆಚ್ಚಿದ್ದುಂಟು. ಹಾಗೆಂದು ಮಲಗುವ ಮೊದಲು ಕಾಫಿ ಕುಡಿಯಲು ಯಾರೂ ಹೊರಡಬಾರದು.

ಪ್ರೊಸ್ಟಗ್ಲಾಂಡಿನ್ ಡಿ2 ಕತೆ ಜಪಾನಿನದು. 1980ರ ದಶಕದ ಆರಂಭದಲ್ಲಿ ಒಸಾಮು ಹಯಾಇಶಿ ತಂಡ ಇದನ್ನು ಇಲಿಗಳ ಮೆದುಳಿಗೆ ಕೊಟ್ಟು ನಿದ್ದೆ ಬರಿಸಿತು. ಕಟ್ಟುವ ಕಿಣ್ವ ಮೆದುಳಿನ ಹೊದಿಕೆಯ ಪೊರೆಯಲ್ಲೇ ಇದೆ. ಸೆಲೆನಿಯಂ ಲವಣದಿಂದ ಆ ಕಿಣ್ವದ ಬಾಯಿ ಕಟ್ಟಿದಾಗ ಇಲಿಗಳ ನಿದ್ದೆ ಹಾರಿಹೋಯಿತು; ಲವಣ ನಿಲ್ಲಿಸಿದ ಮೇಲೆ ಮರಳಿತು. ಇದಕ್ಕೂ ಮೆಡಿಕಲ್ ಸ್ಟೋರಿಗೂ ನಂಟಿದೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ತಡೆಯುವುದು ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಯ ಮೊದಲ ಹೆಜ್ಜೆಯನ್ನೇ. ನೋವೇನೂ ಇಲ್ಲದ ಆರೋಗ್ಯವಂತರಿಗೆ ಇವನ್ನು ಕೊಟ್ಟು ನೋಡಿದ 1994ರ ಅಧ್ಯಯನವೊಂದರಲ್ಲಿ ರಾತ್ರಿ ಮೇಲಿಂದ ಮೇಲೆ ಎಚ್ಚರವಾಗುವುದು ಹೆಚ್ಚಿತ್ತು. ಕಬ್ಬು ಕಡಿದು ಮೈಕೈ ನೋಯುವವನ ಲೆಕ್ಕ ಬೇರೆ. ಅವನಿಗೆ ನೋವೇ ನಿದ್ದೆಯ ದೊಡ್ಡ ಶತ್ರು.

ಈಗ ಈ ಅಧ್ಯಾಯದ ಮುಖ್ಯ ಪಾತ್ರ. ಅಮೆರಿಕದ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ 1990ರ ದಶಕದ ಆರಂಭದಲ್ಲಿ ರಿಚರ್ಡ್ ಲರ್ನರ್, ಸ್ಟೀವನ್ ಹೆನ್ರಿಕ್ಸನ್, ಡೇಲ್ ಬೋಗರ್ ಸೇರಿ ಇಶಿಮೋರಿಯ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಈ ಸಲ ನಾಯಿಗಳ ಬದಲು ಬೆಕ್ಕುಗಳು, ಜೊತೆಗೆ 1913ರಲ್ಲಿ ಇಲ್ಲದ ಉಪಕರಣಗಳು. ನಿದ್ದೆಗೆಟ್ಟ ಬೆಕ್ಕುಗಳ ಮೆದುಳಿನ ದ್ರವದಲ್ಲಿ ಒಂದು ಕೊಬ್ಬಿನ ಕಣ ಹೆಚ್ಚಾಗಿ ಕಂಡಿತು. ನಿದ್ದೆ ಮಾಡಿದವುಗಳಲ್ಲಿ ಅಷ್ಟಿರಲಿಲ್ಲ. ಆಗ ವಿದ್ಯಾರ್ಥಿಯಾಗಿದ್ದ ಬೆಂಜಮಿನ್ ಕ್ರಾವಟ್ ಅದರ ರಚನೆ ಬಿಡಿಸಿದ. ಸಿಕ್ಕಿದ್ದನ್ನು ನೋಡಿದರೆ ಬಲು ಸಾದಾ: ಕಡಲೆಕಾಯಿ ಎಣ್ಣೆಯಲ್ಲಿ ಧಾರಾಳವಾಗಿರುವ ಓಲಿಯಿಕ್ ಆಮ್ಲದ ತುದಿಗೆ ಒಂದು ಸಾರಜನಕದ ಗುಂಪು ಸೇರಿದ ಓಲಿಯಮೈಡ್. ಪ್ರಯೋಗಾಲಯದಲ್ಲೇ ಅದನ್ನು ತಯಾರಿಸಿ ಇಲಿಗಳಿಗೆ ಚುಚ್ಚಿದಾಗ ಅವು ಸಹಜ ನಿದ್ದೆಯಂತೆಯೇ ಕಾಣುವ ನಿದ್ದೆಗೆ ಜಾರಿದವು. 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸುದ್ದಿ ಬಂತು.

ಜಗತ್ತು ಓಲಿಯಮೈಡ್ ಬಗ್ಗೆ ಮಾತಾಡುತ್ತಿರುವಾಗ ಕ್ರಾವಟ್‌ನ ಗಮನ ಅದನ್ನು ಮುಗಿಸುವವನ ಮೇಲಿತ್ತು. ಚುಚ್ಚಿದ ಓಲಿಯಮೈಡ್ ಉಳಿಯುತ್ತಿರಲಿಲ್ಲ; ಕೋಶದ ಪೊರೆಗೆ ಅಂಟಿಕೊಂಡ ಯಾವುದೋ ಕಿಣ್ವ ಅದನ್ನು ಸೀಳಿ ಮತ್ತೆ ಓಲಿಯಿಕ್ ಆಮ್ಲ ಮಾಡುತ್ತಿತ್ತು. ಪೊರೆಗೆ ಅಂಟಿದ ಪ್ರೋಟೀನನ್ನು ಹಾಳಾಗದಂತೆ ಬಿಡಿಸಿ ತೆಗೆಯುವುದು ಜೀವರಸಾಯನದ ತಲೆನೋವಿನ ಕೆಲಸಗಳಲ್ಲೊಂದು. ಕೊನೆಗೆ ಇಲಿಯ ಪಿತ್ತಜನಕಾಂಗದಿಂದ ಅದನ್ನು ಹಿಡಿದು 1996ರಲ್ಲಿ ಅದರ ಜೀನನ್ನೂ ಪ್ರಕಟಿಸಿದರು. ಹೆಸರು ಉದ್ದ, ಫ್ಯಾಟಿ ಆಸಿಡ್ ಅಮೈಡ್ ಹೈಡ್ರೊಲೇಸ್. ವಿಜ್ಞಾನಿಗಳ ಬಾಯಲ್ಲಿ ‘ಫಾ’. ಅದು ಕೆಡವುವುದು ಓಲಿಯಮೈಡ್ ಒಂದನ್ನೇ ಅಲ್ಲ. 1992ರಲ್ಲಿ ಜೆರುಸಲೇಮಿನ ರಫಾಯೆಲ್ ಮೆಕೂಲಮ್ ಅವರ ತಂಡ ಹಂದಿಯ ಮೆದುಳಿನಲ್ಲಿ ಕಂಡು, ನಮ್ಮ ‘ಆನಂದ’ದಿಂದ ಹೆಸರಿಟ್ಟ ಅನಂಡಮೈಡ್ ಕೂಡ ಇದೇ ಕಿಣ್ವಕ್ಕೆ ಬಲಿ. ಗಾಂಜಾದ ಅಮಲಿನ ಅಂಶ ಮೆದುಳಿನಲ್ಲಿ ಹೋಗಿ ಕೂರುವ ಜಾಗಕ್ಕೆ ದೇಹವೇ ಕಟ್ಟಿಕೊಂಡಿರುವ ಕಣ ಅದು.

ಫಾ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಮೆದುಳಿನಲ್ಲಿ ಅನಂಡಮೈಡ್ ಸುಮಾರು 15 ಪಟ್ಟು ಏರಿತ್ತು. 2004ರ ಅಧ್ಯಯನದಲ್ಲಿ ಆ ಇಲಿಗಳ ಗಾಢನಿದ್ದೆ ಸಾಮಾನ್ಯ ಇಲಿಗಳಿಗಿಂತ ಹೆಚ್ಚೂ ಆಳವೂ ಆಗಿತ್ತು. ಈಗಿನ ನಿದ್ದೆಗುಳಿಗೆಗಳಲ್ಲಿ ಬಹಳಷ್ಟು ಮೆದುಳನ್ನು ತಣಿಸುವ ಗಾಬಾ ವ್ಯವಸ್ಥೆಯನ್ನು ಎಲ್ಲೆಡೆ ಒಟ್ಟಿಗೆ ಒತ್ತಿಬಿಡುತ್ತವೆ; ಬೆಳಗಾದರೂ ಮಂಪರು, ವಯಸ್ಸಾದವರಿಗೆ ಬೀಳುವ ಭಯ, ಬಿಡಲಾಗದ ಚಟ. ಅದರ ಬದಲು ಕೆಡವುವ ಕಿಣ್ವವನ್ನು ಮಾತ್ರ ತಡೆದರೆ, ದೇಹವೇ ಬೇಕಾದ ಕಡೆ ಬೇಕಾದಷ್ಟು ತಯಾರಿಸಿದ ಕಣ ಇನ್ನೊಂದಿಷ್ಟು ಹೊತ್ತು ಉಳಿದೀತು. ಈ ಆಸೆಯ ಹಿಂದೆ ಔಷಧ ಕಂಪನಿಗಳು ಓಡಿದವು.

ಓಟ ಸುಗಮವಾಗಿರಲಿಲ್ಲ. ಫೈಜರ್‌ನ ಗುಳಿಗೆಯೊಂದು ಫಾ ಕಿಣ್ವವನ್ನು ಹೆಚ್ಚುಕಡಿಮೆ ಪೂರ್ತಿ ತಡೆದು ಅನಂಡಮೈಡನ್ನೂ ಏರಿಸಿತು, ಆದರೆ ಮಂಡಿನೋವಿನ ರೋಗಿಗಳಿಗೆ ನೋವು ಇಳಿಯಲೇ ಇಲ್ಲ. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಇನ್ನೊಂದು ಫಾ ತಡೆಮದ್ದಿನ ಪರೀಕ್ಷೆ ನಡೆಯುತ್ತಿದ್ದಾಗ, ದಿನಕ್ಕೆ 50 ಮಿಲಿಗ್ರಾಂನಂತೆ ಹಲವು ದಿನ ತೆಗೆದುಕೊಂಡ ಗುಂಪಿನ ಆರು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅವರೆಲ್ಲ ಹಣ ಪಡೆದು ಪ್ರಯೋಗಕ್ಕೆ ಒಪ್ಪಿದ್ದ ಆರೋಗ್ಯವಂತರು. ತಪ್ಪು ಫಾ ಕಿಣ್ವದ್ದಾಗಿರಲಿಲ್ಲವೆಂಬುದು 2017ರ ಸಂಶೋಧನೆಯಿಂದ ತೋರಿಬಂತು: ಆ ಮದ್ದು ಗುರಿಯಾಚೆ ಹೋಗಿ ನರಕೋಶಗಳಲ್ಲಿ ಕೊಬ್ಬನ್ನು ನಿಭಾಯಿಸುವ ಬೇರೆ ಹಲವು ಕಿಣ್ವಗಳ ಮೇಲೂ ಕೈಹಾಕಿತ್ತು. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದ ದೀಪಕ್ ಸಿರಿಲ್ ಡಿಸೋಜಾ ತಂಡ ಫೈಜರ್‌ನ ಹಳೆಯ ಗುಳಿಗೆಯನ್ನೇ ಗಾಂಜಾ ಬಿಡಲು ಒದ್ದಾಡುತ್ತಿದ್ದ 70 ಪುರುಷರ ಪರೀಕ್ಷೆಯಲ್ಲಿ ಬಳಸಿತು. ಗುಳಿಗೆ ತೆಗೆದುಕೊಂಡವರ ಚಡಪಡಿಕೆ ಕಡಿಮೆಯಾಗಿ ನಿದ್ದೆ ಸುಧಾರಿಸಿತು. ಆದರೂ ನಿದ್ದೆಗೆಂದೇ ಫಾ ತಡೆಯುವ ಗುಳಿಗೆ ಇನ್ನೂ ಅಂಗಡಿಗೆ ಬಂದಿಲ್ಲ.

ಅಂಗಡಿಗೆ ಬಂದಿರುವುದು ಬೇರೆಯದು, ಅದೂ ಗೊಬ್ಬರದ ಅಂಗಡಿಗೆ. ಕಬ್ಬಿನ ಗೆದ್ದಲಿಗೆ, ಸುಳಿಕೊರಕಕ್ಕೆ ದೇಶದಲ್ಲಿ ಬಹುಕಾಲ ಬಳಸಿದ ಕ್ಲೋರ್‌ಪೈರಿಫಾಸ್ ಆರ್ಗನೋಫಾಸ್ಫರಸ್ ಗುಂಪಿಗೆ ಸೇರಿದ್ದು. ಈ ಗುಂಪು ಕೀಟಗಳನ್ನು ಕೊಲ್ಲುವುದೇ ಒಂದು ಕಿಣ್ವವನ್ನು ಹಿಡಿದು: ಅಸಿಟೈಲ್‌ಕೋಲಿನೆಸ್ಟರೇಸ್. ನರತುದಿಯಲ್ಲಿ ಸುರಿದ ಅಸಿಟೈಲ್‌ಕೋಲಿನ್ನನ್ನು ಸೆಕೆಂಡಿಗೆ ಸಾವಿರಾರು ಕಣದಂತೆ ಒರೆಸಿಹಾಕುವ ಕಿಣ್ವ ಅದು, ಕೀಟದಲ್ಲೂ ಮನುಷ್ಯನಲ್ಲೂ. 2001ರಲ್ಲಿ ಬರ್ಕ್ಲಿಯ ಜಾನ್ ಕ್ಯಾಸಿಡ ತಂಡ ಇಲಿಯ ಮೆದುಳಿನಲ್ಲಿ ಪರೀಕ್ಷಿಸಿದಾಗ ಈ ಗುಂಪಿನ ಹಲವು ವಿಷಗಳು ಫಾ ಕಿಣ್ವವನ್ನೂ ಕಟ್ಟಿಹಾಕುತ್ತಿದ್ದವು. ಔಷಧ ಕಂಪನಿಗಳು ಕೋಟಿಗಟ್ಟಲೆ ಸುರಿದು ಹುಡುಕುತ್ತಿದ್ದ ಗುಣ ಕೀಟನಾಶಕದ ಡಬ್ಬದಲ್ಲಿ ಅಡ್ಡಪರಿಣಾಮವಾಗಿ ಕೂತಿತ್ತು.

ಅಸಿಟೈಲ್‌ಕೋಲಿನ್‌ಗೂ ನಿದ್ದೆಗೂ ಇರುವ ಸಂಬಂಧ ಹಳೆಯದು. ಎಚ್ಚರದಲ್ಲಿ ಅದು ಹೆಚ್ಚು, ಗಾಢನಿದ್ದೆಯಲ್ಲಿ ಕಡಿಮೆ, ಕನಸಿನ ನಿದ್ದೆಯಲ್ಲಿ ಮತ್ತೆ ಹೆಚ್ಚು. 1976ರಲ್ಲಿ ಎನ್. ಸೀತಾರಾಂ ಮತ್ತು ಸಂಗಡಿಗರು ಮಲಗಿದ್ದ ಸ್ವಯಂಸೇವಕರ ರಕ್ತನಾಳಕ್ಕೆ ಫೈಸೊಸ್ಟಿಗ್ಮಿನ್ ಬಿಟ್ಟರು. ಇದೂ ಅಸಿಟೈಲ್‌ಕೋಲಿನೆಸ್ಟರೇಸನ್ನೇ ತಡೆಯುವಂಥದು, ಆದರೆ ತಾತ್ಕಾಲಿಕವಾಗಿ. ಮಲಗಿದ್ದವರು ಎಂದಿಗಿಂತ ಬೇಗ ಕನಸಿನ ನಿದ್ದೆಗೆ ಹೊರಳಿದರು. ಮರೆವಿನ ರೋಗಕ್ಕೆ ಕೊಡುವ ಡೊನೆಪೆಜಿಲ್ ಗುಳಿಗೆಯೂ ಇದೇ ದಾರಿಯದು. ರಾತ್ರಿ ನುಂಗಿದ ಅಜ್ಜ ಅಜ್ಜಿಯರು ಕೆಟ್ಟ ಕನಸು ಕಂಡು ಕೂಗಿಕೊಂಡರೆ, ವೈದ್ಯರು ಗುಳಿಗೆಯನ್ನು ಬೆಳಗಿನ ಹೊತ್ತಿಗೆ ಬದಲಿಸುತ್ತಾರೆ.

ಕೀಟನಾಶಕ ಹೊಡೆಯುವವನಿಗೆ ಇಂಥ ಹೊತ್ತಿನ ಆಯ್ಕೆಯಿಲ್ಲ. ಬೆನ್ನಿಗೆ ಕಟ್ಟಿದ ಸ್ಪ್ರೇಯರ್‌ನ ಮುಚ್ಚಳ ಸಡಿಲವಾಗಿ ಅಂಗಿಯ ಹಿಂಭಾಗ ನೆಂದಿರುತ್ತದೆ, ಮೂಗಿಗೆ ಟವೆಲ್ಲೇ ಗತಿ. ಚರ್ಮದಿಂದ ಒಳಹೋದದ್ದು ಜಾಸ್ತಿಯಾದರೆ ಬೆವರು, ಜೊಲ್ಲು, ಸಣ್ಣಗಾದ ಕಣ್ಣಪಾಪೆ, ಉಸಿರಾಟದ ತೊಂದರೆ. ಆಸ್ಪತ್ರೆಯಲ್ಲಿ ಆಟ್ರೊಪಿನ್ ಚುಚ್ಚಬೇಕಾಗುತ್ತದೆ. ಅಷ್ಟಕ್ಕೆ ಹೋಗದ ಪ್ರಕರಣಗಳಲ್ಲಿ ತಲೆನೋವು, ನಿದ್ದೆ ಬಾರದಿರುವುದು, ಬೆಚ್ಚಿಬೀಳುವ ಕನಸು ಎಂಬ ದೂರುಗಳು ವಿಷವೈದ್ಯದ ಪುಸ್ತಕಗಳಲ್ಲಿ ಮೊದಲಿನಿಂದಲೂ ಇವೆ. ಮನೆಯವರು ಅದನ್ನು ‘ಗಾಳಿ ಸೋಕಿದೆ’ ಎಂದು ದೇವರ ಮುಂದೆ ಕೂರಿಸುವುದೂ ಉಂಟು. ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ನೋಡುವ ಪರೀಕ್ಷೆ ದುಬಾರಿಯದೇನಲ್ಲ, ವಿಷ ಕುಡಿದು ಬಂದವರಿಗೆ ಅದನ್ನು ಮಾಡಿಯೇ ಮಾಡುತ್ತಾರೆ. ನಿದ್ದೆ ಬರುತ್ತಿಲ್ಲವೆಂದು ಬಂದ ರೈತನಿಗೆ ಗುಳಿಗೆ ಬರೆಯುವ ಮೊದಲು ಹೋದ ವಾರ ಗದ್ದೆಗೆ ಏನು ಹೊಡೆದೆ, ನೀರು ಕಟ್ಟಲು ಎಷ್ಟು ಹೊತ್ತಿಗೆ ಹೋಗಿದ್ದೆ ಎಂದು ಕೇಳುವ ವೈದ್ಯರೂ ಇದ್ದಾರೆ. ಹೊರರೋಗಿ ಚೀಟಿಯಲ್ಲಿ ಅದನ್ನು ಬರೆಯಲು ಪ್ರತ್ಯೇಕ ಜಾಗ ಮಾತ್ರ ಇಲ್ಲ.